ಹನ್ನೊಂದು ಮನೆಯ ನೀರು

ಲಿಂಗಮ್ಮ ನಾಲ್ಕನೆಯ ಕೊಡ ಸೇದುತ್ತಿದ್ದಳು. ಚಕ್ರಪಾಣಿ ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತಿದ್ದ. ರಾಟೆಯ ಕಿರುಗುಟ್ಟುವ ಸದ್ದು ನಿಂತಾಗಲೆಲ್ಲ, ಈಗ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದ. ಸದ್ದು ಮತ್ತೆ ಶುರುವಾದರೆ, ಈ ಕೊಡವೊಂದು ಮುಗಿಯಲಿ ಎಂದುಕೊಳ್ಳುತ್ತಿದ್ದ. ಭಾನುವಾರ, ಏಳು ಗಂಟೆ ಇನ್ನೂ ಆಗಿರಲಿಲ್ಲ. ಕೆಂಗೇರಿ ಉಪನಗರದ ಕೊನೆಯ ರಸ್ತೆಯಲ್ಲಿ ಕಟ್ಟಿ ಮುಗಿದ ಮನೆ ಎಂದರೆ ಅವನದೊಂದೇ. ಉಳಿದದ್ದೆಲ್ಲ ಬಿಳಿ ಬಣ್ಣದಲ್ಲಿ ನಂಬರು ಬರೆದ ಮೊಳಕಾಲೆತ್ತರದ ಕಲ್ಲುಗಳು, ಅವುಗಳ ನಡುವೆ ಲಂಟಾನದ ಪೊದೆ, ಮೇಯುವ ಎಮ್ಮೆ. ಕೊನೆಯ ಕಲ್ಲಿನಾಚೆ ತಿಮ್ಮಯ್ಯನ ಬಾವಿ. ಬಾವಿಯಾಚೆ ಹಳೆ ಊರಿಗೆ ಸೇರಿದ ಹನ್ನೊಂದು ಮನೆಗಳ ಒಂದು ಸಾಲು. ಹನ್ನೊಂದು ಮನೆಗೂ ಇದೇ ಬಾವಿಯ ನೀರು ಎಂದು ಗುರುವಾರ ಲಿಂಗಮ್ಮನೇ ಅವನಿಗೆ ಹೇಳಿದ್ದಳು. ತಿಮ್ಮಯ್ಯನ ಹೆಂಡತಿ ಅವಳು. ಚಕ್ರಪಾಣಿಯ ಮನೆ ನಿಂತಿರುವ ಜಾಗ ಆರು ವರ್ಷದ ಹಿಂದೆ ಅವರ ರಾಗಿ ಹೊಲ. ಸರ್ಕಾರ ಹೊಲ ತೆಗೆದುಕೊಂಡು ಸೈಟು ಮಾಡಿ ಹಂಚಿತ್ತು, ಬಾವಿಯನ್ನು ಬಿಟ್ಟಿತ್ತು.

ಒಳಕೋಣೆಯಲ್ಲಿ ತುಂಗಾ ನರಳಿದಳು. ಅವನು ತಿರುಗಲಿಲ್ಲ. ವತ್ಸಲಾ ಅಲ್ಲಿದ್ದಾಳೆ, ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಗಂಜಿ ತಿಳಿ ಕುಡಿಸುತ್ತಿದ್ದಾಳೆ, ಅದು ಅವನಿಗೆ ಗೊತ್ತಿತ್ತು. ಬೆಳಗಿನ ಜಾವ ಐದಕ್ಕೆ ಏಳು ವರ್ಷದ ಹುಡುಗಿ ಹಾಸಿಗೆಯಲ್ಲೇ ಎರಡು ಸಲ ಭೇದಿ ಮಾಡಿಕೊಂಡಿದ್ದಳು. ನೀರು. ಅಕ್ಕಿ ತೊಳೆದ ನೀರಿನಂತೆ ಬಿಳಿ ನೀರು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ‘ನಿನ್ನೆ ಹಲಸಿನ ಹಣ್ಣು ತಿಂದಳಲ್ಲ, ಅದಕ್ಕೇ’ ಎಂದಳು ವತ್ಸಲಾ. ‘ಹೌದು, ಹಲಸಿನ ಹಣ್ಣು’ ಎಂದ ಅವನು. ಮನೆಯಲ್ಲಿ ಹಂಡೆಯ ತಳದಲ್ಲಿ ಅರ್ಧ ಬಿಂದಿಗೆ ನೀರು ಮಾತ್ರ ಇತ್ತು. ಬಡಾವಣೆಗೆ ನಲ್ಲಿ ಇನ್ನೂ ಬಂದಿರಲಿಲ್ಲ. ಅವನು ಮಗುವಿನ ಕಾಲು ಒರೆಸುತ್ತಿರುವಾಗಲೇ ವತ್ಸಲಾ ಹಾಸಿಗೆಯ ಹೊದಿಕೆ, ಲಂಗ, ಟವಲು ಎಲ್ಲವನ್ನೂ ಬಕೆಟ್ಟಿಗೆ ತುರುಕಿ ಹೊರಗೆ ಹೋದದ್ದು ಅವನ ಗಮನಕ್ಕೆ ಬಂತು. ಎಲ್ಲಿಗೆ ಎಂದು ಹೊಳೆದು ಓಡುವಷ್ಟರಲ್ಲಿ ತಡವಾಗಿತ್ತು. ಕತ್ತಲು ಮುಸುಕಿದ್ದ ಬಾವಿಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳು ಹೊದಿಕೆ ಕುಸುಬುತ್ತಿದ್ದಳು. ಕಟ್ಟೆಯ ಒಂದು ಪಕ್ಕ ಕುಸಿದಿತ್ತು. ತೊಳೆದ ನೀರು ಹೊರಗೆ ಹರಿಯುವ ಬದಲು ಬಿರುಕಿನಲ್ಲಿ ಒಳಗಿಳಿದು, ಕಲ್ಲಿನ ಸಂದಿಯಿಂದ ಹನಿಹನಿಯಾಗಿ ಬಾವಿಯೊಳಕ್ಕೆ ಬೀಳುತ್ತಿತ್ತು. ಅವನು ಬಗ್ಗಿ ಆ ಹನಿಯ ಸದ್ದು ಕೇಳಿದ. ‘ಏಳು’ ಎಂದ. ಅಷ್ಟೇ ಎಂದ. ಅವಳೂ ಬಗ್ಗಿ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಒದ್ದೆ ಬಟ್ಟೆಯ ಬಕೆಟ್ಟನ್ನು ಒಂದೊಂದು ಕಡೆ ಹಿಡಿದು, ಕದ್ದ ಮಾಲು ಹೊತ್ತವರಂತೆ ಮನೆಗೆ ಬಂದಿದ್ದರು.

ಅದು ಅದೇ ಎಂದು ಹೇಗೆ ಹೇಳುವುದು? ಮಕ್ಕಳಿಗೆ ಭೇದಿಯಾಗುವುದಿಲ್ಲವೇ? ಐದನೆಯ ಕೊಡ. ಇಷ್ಟು ದೊಡ್ಡ ಬಾವಿ, ಅದರಲ್ಲಿ ನಾಲ್ಕು ಹನಿ. ಹೇಳಿದರೆ ಮೊದಲು ಕೇಳುವುದು, ಎಲ್ಲಿಂದ ಬಂತು ಎಂದು. ಆಗ ಗುರುವಾರದ ಮಾತು ಹೊರಗೆ ಬರುತ್ತದೆ. ಗುರುವಾರ ಟೆಂಪೊದಿಂದ ಸಾಮಾನು ಇಳಿಸಿ, ಖಾಲಿ ಬಿಂದಿಗೆ ಹಿಡಿದು ಮೊದಲ ಸಲ ಆ ಕಟ್ಟೆಯ ಹತ್ತಿರ ನಿಂತಾಗ ಲಿಂಗಮ್ಮ ಕೇಳಿದ್ದಳು: ‘ಪ್ಯಾಟೇಲಿ ವಾಂತಿಭೇದಿ ಅಂತಾರಲ್ಲ ಸ್ವಾಮಿ, ನಿಮ್ ಕಡೆ ಏನೂ ಇಲ್ವಾ?’ ‘ನಮ್ಮ ಬೀದೀಲಿ ಏನೂ ಇಲ್ಲಮ್ಮ’ ಎಂದಿದ್ದ. ಅಷ್ಟು ಸಲೀಸಾಗಿ ಹೇಗೆ ಬಂತು ಬಾಯಿಗೆ? ಬೀದಿಯಲ್ಲಿ ಇರಲಿಲ್ಲ, ವಠಾರದಲ್ಲಿತ್ತು, ಆದ್ದರಿಂದ ಅದು ಪೂರ್ತಿ ಸುಳ್ಳಲ್ಲ ಎಂದು ಆಫೀಸಿನ ಕಡತಕ್ಕೆ ಷರಾ ಬರೆಯುವವನಂತೆ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದ. ಲಿಂಗಮ್ಮ ನಂಬಿ, ಹಗ್ಗವನ್ನು ಅವನ ಕೈಗೆ ಕೊಟ್ಟು, ‘ಸೇದ್ಕಳಿ. ಹೊಸದಾಗಿ ಬಂದಿದೀರಿ, ಹೆಣ್ಮಗಳು ಸುಸ್ತಾಗವ್ರೆ, ನಾನೇ ಎರ್ಡು ಕೊಡ ತಂದ್ ಕೊಡ್ತೀನಿ’ ಎಂದಿದ್ದಳು. ತಂದೂ ಕೊಟ್ಟಿದ್ದಳು.

ರಾಜಾಜಿನಗರದ ವಠಾರದಲ್ಲಿ ಆರು ಮನೆ, ಒಂದು ನಲ್ಲಿ, ಎರಡು ಕಕ್ಕಸು. ಒಬ್ಬರ ಮನೆಯ ಒಗ್ಗರಣೆಗೆ ಆರು ಮನೆಯಲ್ಲೂ ಸೀನುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ವತ್ಸಲಾಗೆ ಇಷ್ಟವಾಗಿದ್ದು ಅದೇ. ಬಾಗಿಲು ತೆಗೆದರೆ ಜನ. ಹೂವಿನವಳು, ತರಕಾರಿ ಗಾಡಿ, ಮಧ್ಯಾಹ್ನದ ಹರಟೆ, ನಡೆದುಹೋಗುವಷ್ಟು ದೂರದಲ್ಲಿ ಸಿನಿಮಾ. ಕೆಂಗೇರಿಯ ಸೈಟು ಬಂದಾಗ, ಸಾಲ ಮಾಡಿ ಮನೆ ಕಟ್ಟಿದಾಗ, ಅವಳು ಗೃಹಪ್ರವೇಶದ ದಿನವೊಂದು ಬಂದು ಹಾಲುಕ್ಕಿಸಿ, ಕೊನೆಯ ಬಸ್ಸಿಗೆ ವಾಪಸು ಹೋಗಿದ್ದಳು. ‘ಆ ಕಾಡಿಗೆ ನಾನು ಬರಲ್ಲ. ನರಿ ಕೂಗುತ್ತೆ. ಸತ್ತರೂ ಕೇಳೋರಿಲ್ಲ ಅಲ್ಲಿ.’ ಒಂದು ವರ್ಷ ಮನೆ ಬೀಗ ಹಾಕಿಕೊಂಡು ನಿಂತಿತ್ತು. ಬಾಡಿಗೆಗೂ ಯಾರೂ ಬರಲಿಲ್ಲ. ಆಫೀಸಿನಲ್ಲಿ ಅವನ ಪಕ್ಕದ ಮೇಜಿನ ಶ್ಯಾಮಸುಂದರ, ‘ಏನ್ರೀ, ನಿಮ್ಮ ವಾನಪ್ರಸ್ಥ ಯಾವಾಗ?’ ಎಂದು ಎಲ್ಲರೆದುರು ಕೇಳಿ ನಗಿಸುತ್ತಿದ್ದ. ಚಕ್ರಪಾಣಿ ತಾನೂ ನಗುತ್ತಿದ್ದ. ಈ ಬೇಸಿಗೆ ಎಲ್ಲ ತಿರುವುಮುರುವಾಯಿತು. ರೈಲು ಮುಷ್ಕರ ಮುಗಿದು ಗಾಡಿಗಳು ಓಡತೊಡಗಿದ ಹೊತ್ತಿಗೆ, ದೇಶದೇಶ ಸುತ್ತುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದ್ದ ಕಾಲರಾ ಅವರ ಹಿಂದಿನ ಬೀದಿಗೆ ಬಂತು, ಮತ್ತೆ ಅವರ ವಠಾರದ ಮೊದಲನೆಯ ಮನೆಗೆ. ಯಾವ ನಲ್ಲಿಯ ಸುತ್ತ ಹರಟುತ್ತಿದ್ದರೋ ಅದೇ ನಲ್ಲಿಯ ಹತ್ತಿರ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು, ಒಬ್ಬರು ಹೋದಮೇಲೆ ಒಬ್ಬರು ಬರತೊಡಗಿದರು. ಬುಧವಾರ ರಾತ್ರಿ ವತ್ಸಲಾ ತಾನೇ ಹೇಳಿದಳು: ‘ನಾಳೇನೇ ಹೊರಡೋಣ. ಒಬ್ಬರ ಉಸಿರು ಒಬ್ಬರಿಗೆ ತಾಗದೇ ಇರೋ ಕಡೆ.’ ಅವನಿಗೆ ಒಳಗೊಳಗೇ ಒಂದು ಗೆಲುವಾಯಿತು. ಆ ಗೆಲುವನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತಿತ್ತು.

ಏಕೆಂದರೆ ಗುರುವಾರ ಬೆಳಿಗ್ಗೆ ಸಾಮಾನು ಹೊರುವಾಗ ಎರಡನೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಚಾಪೆಯ ಮೇಲೆ ಅಲಮೇಲು ಮಾಮಿ. ಗಂಡನಿಲ್ಲ, ಮಕ್ಕಳಿಲ್ಲ, ತುಂಗಾ ಹುಟ್ಟಿದಾಗ ನಲವತ್ತು ದಿನ ಬಾಣಂತನ ಮಾಡಿದವಳು. ‘ಚಕ್ರೂ’ ಎಂದಳು. ಒಂದೇ ಸಲ. ಧ್ವನಿ ಇರಲಿಲ್ಲ, ಬಾಯಿ ಆಡಿದ್ದು ಕಂಡಿತು. ಅವನ ಭುಜದ ಮೇಲೆ ಸುತ್ತಿದ ಹಾಸಿಗೆ. ಹಾಸಿಗೆಯನ್ನು ಆ ಭುಜದಿಂದ ಈ ಭುಜಕ್ಕೆ ಬದಲಾಯಿಸಿದ, ಅವಳ ಬಾಗಿಲಿಗೂ ತನ್ನ ಮುಖಕ್ಕೂ ನಡುವೆ ಬರುವಂತೆ. ಗೇಟಿನ ಹತ್ತಿರ ಯಾರಿಗೋ, ‘ಮಾಮಿಗೆ ಹುಷಾರಿಲ್ಲ ಅಂತ ಕಾಣುತ್ತೆ, ಯಾರಾದರೂ ಆಸ್ಪತ್ರೆ ವ್ಯಾನಿಗೆ ಹೇಳಿ’ ಎಂದ. ಹೇಳಿದ್ದಾರೆ ಎಂದರು. ಟೆಂಪೊ ಹತ್ತಿದ. ಮೈಸೂರು ರಸ್ತೆಗೆ ಬಂದು ಗಾಳಿ ಮುಖಕ್ಕೆ ಹೊಡೆದಾಗ ತುಂಗಾ, ‘ಅಪ್ಪ, ಮಾಮಿಗೆ ಹೇಳೇ ಇಲ್ಲ ಹೋಗ್ತೀವಿ ಅಂತ’ ಎಂದಳು. ವತ್ಸಲಾ ಮಗಳ ತಲೆಯನ್ನು ತನ್ನ ಎದೆಗೊತ್ತಿಕೊಂಡು ಸುಮ್ಮನಾಗಿಸಿದಳು.

ಆರನೆಯ ಕೊಡ ತಲೆಯ ಮೇಲಿಟ್ಟುಕೊಂಡು ಲಿಂಗಮ್ಮ ಹೋದಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು ಬಂದರು. ಅವರ ಹೆಸರು ಅವನಿಗೆ ಗೊತ್ತಿರಲಿಲ್ಲ. ಅಂಗಿ ಹಾಕಿಕೊಂಡ. ಬಾಗಿಲವರೆಗೆ ಹೋದ. ತಿಮ್ಮಯ್ಯ ಮನೆಯಲ್ಲಿರುತ್ತಾನೋ ಇಲ್ಲವೋ. ಗಂಡಸರಿಗೆ ಹೇಳುವುದೇ ಸರಿ. ಹೆಂಗಸರಿಗೆ ಹೇಳಿದರೆ ಗಾಬರಿಯಾಗುತ್ತಾರೆ. ಮತ್ತೆ ಬಂದು ಕಿಟಕಿಯ ಹತ್ತಿರ ನಿಂತ. ‘ಮಲಗಿದಾಳೆ’ ಎಂದು ಒಳಗಿಂದ ವತ್ಸಲಾ ಪಿಸುಗುಟ್ಟಿದಳು. ‘ಒಂದು ಗಂಟೆಯಿಂದ ಏನೂ ಆಗಿಲ್ಲ. ನಾನು ಹೇಳಲಿಲ್ವಾ, ಹಲಸಿನ ಹಣ್ಣು.’ ಅವನ ಮೈ ಹಗುರಾಯಿತು. ಹೇಳದೇ ಇದ್ದದ್ದು ಒಳ್ಳೆಯದಾಯಿತು ಎನ್ನಿಸಿತು. ಸುಮ್ಮನೆ ಊರು ಕೆಡಿಸಿದಂತಾಗುತ್ತಿತ್ತು.

ಹನ್ನೊಂದು ಗಂಟೆಗೆ ಶ್ಯಾಮಸುಂದರ ಬಂದ. ಬರುತ್ತೇನೆ ಎಂದು ಶುಕ್ರವಾರವೇ ಹೇಳಿದ್ದ, ಚಕ್ರಪಾಣಿ ಮರೆತೇಬಿಟ್ಟಿದ್ದ. ಭಾವನ ಹಳೆಯ ಕಾರು, ಪಕ್ಕದಲ್ಲಿ ಹೆಂಡತಿ ಅಂಬುಜಾ, ಐದು ತಿಂಗಳ ಬಸುರಿ. ಕಾರಿಳಿದವಳೇ ಅವಳು ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡಳು. ‘ಗಾಳಿ ನೋಡ್ರೀ’ ಎಂದಳು ಗಂಡನಿಗೆ. ‘ಇಂಥ ಕಡೆ ಬಿಟ್ಟು ಆ ಕೊಂಪೇಲಿ ಕೂತಿದೀವಲ್ಲ.’ ಶ್ಯಾಮಸುಂದರ ಚಕ್ರಪಾಣಿಯ ಹೆಗಲ ಮೇಲೆ ಕೈ ಹಾಕಿದ. ‘ನಿಮ್ಮನ್ನ ಎಷ್ಟು ರೇಗಿಸಿದೀನಿ ನಾನು! ನಿಮ್ಮಷ್ಟು ಬುದ್ಧಿ ನಮಗಿರಲಿಲ್ಲ ಬಿಡಿ. ಈಗ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ, ಕೆಂಗೇರಿ, ಕೆಂಗೇರಿ. ವಿಜಯನಗರದ ಆಚೆ ಅಂದರೆ ಮೂಗು ಮುರೀತಿದ್ದ ಜನ.’ ಆ ಕೈ ಹೆಗಲ ಮೇಲಿದ್ದ ಅಷ್ಟು ಹೊತ್ತು ಚಕ್ರಪಾಣಿಗೆ ಸುಖವಾಯಿತು. ಸುಖವಾಗುತ್ತಿದೆ ಎಂದು ತಿಳಿದು ನಾಚಿಕೆಯಾಯಿತು. ವತ್ಸಲಾ ಒಳಕೋಣೆಯ ಬಾಗಿಲನ್ನು ಬೆನ್ನಿನಿಂದ ಮುಚ್ಚಿಕೊಂಡು ಹೊರಗೆ ಬಂದಳು. ಸೀರೆ ಬದಲಾಯಿಸಿದ್ದಳು, ಕುಂಕುಮ ತಿದ್ದಿಕೊಂಡಿದ್ದಳು. ‘ಮಗು ಮಲಗಿದೆ’ ಎಂದಳು. ಅವಳ ಕಣ್ಣು ಅವನನ್ನು ಹುಡುಕಿ, ಎರಡು ಬೆರಳು ಸೊಂಟದ ಹತ್ತಿರ ಅಲುಗಿ, ಮತ್ತೆ ಎರಡು ಸಲ ಆಯಿತು ಎಂದು ತಿಳಿಸಿದವು. ಮೇಲೆ ಬಾಯಲ್ಲಿ, ‘ಕಾಫಿ ಮಾಡ್ತೀನಿ, ಅಷ್ಟರಲ್ಲಿ ಸೈಟು ನೋಡ್ಕೊಂಡು ಬನ್ನಿ’ ಎಂದಳು.

ಅವನು ಅವರ ಜೊತೆ ನಡೆದ. ಕಾಲುಗಳು ತಾವಾಗಿಯೇ ನಡೆದವು. ಬಾಯಿ ತಾನಾಗಿಯೇ ಆಡಿತು. ಇದು ಪೂರ್ವದ ಬಾಗಿಲಿನ ಸೈಟು, ಇದು ಮೂಲೆಯದು, ಇಲ್ಲಿ ಪಾರ್ಕು ಬರುತ್ತದೆ, ಅಲ್ಲಿ ಶಾಲೆ. ಯಾರೋ ಬೇರೆಯವನು ಮಾತಾಡುತ್ತಿದ್ದಾನೆ, ತಾನು ಆ ಮುಚ್ಚಿದ ಕೋಣೆಯ ಬಾಗಿಲ ಹೊರಗೆ ನಿಂತಿದ್ದೇನೆ ಎನ್ನಿಸುತ್ತಿತ್ತು. ಈಗಲೇ ಆಸ್ಪತ್ರೆಗೆ ಹೊರಡಬೇಕು. ಕಾರಿದೆ. ಕೇಳಬಹುದು. ಕೇಳಿದರೆ ಯಾಕೆ ಎಂದು ಹೇಳಬೇಕು. ಕಾಫಿ ಕುಡಿದಾದ ಮೇಲೆ ಹೇಳಿದರೆ? ಬಿಸಿಲು ಏರಿತ್ತು. ಶ್ಯಾಮಸುಂದರ ಕಲ್ಲಿನ ಮೇಲೆ ಕಾಲಿಟ್ಟು ಬೂಟಿನ ಮುಳ್ಳು ಕೀಳುತ್ತ, ಮಳೆಯ ವಿಷಯ ಹೇಳುವಷ್ಟೇ ಹಗುರಾಗಿ ಹೇಳಿದ: ‘ಅಂದ ಹಾಗೆ, ನಿಮ್ಮ ವಠಾರದ ಆ ಮುದುಕಿ ಹೋದರಂತಲ್ಲ, ಗೊತ್ತಾಯಿತಾ? ನಿನ್ನೆ ನಾನು ಆ ಕಡೆ ಹೋಗಿದ್ದೆ. ವ್ಯಾನು ಬರೋ ಹೊತ್ತಿಗೆ ಮಧ್ಯಾಹ್ನ ಆಗಿತ್ತಂತೆ. ಬಾಯಿಗೆ ನೀರು ಬಿಡೋರೂ ಇರಲಿಲ್ಲ ಪಾಪ. ನೀವು ಸರಿಯಾದ ಹೊತ್ತಿಗೆ ಬಿಟ್ಟಿರಿ.’

ಚಕ್ರಪಾಣಿ ‘ಹೌದೇ?’ ಎಂದ. ಅವನಿಗೆ ಆ ಪದ ಕೇಳಿಸಿತು. ಇಷ್ಟು ಚಿಕ್ಕ ಪದ. ಲಂಟಾನದ ಹೂವಿನ ಮೇಲೆ ಒಂದು ದುಂಬಿ ಕೂರುತ್ತ ಏಳುತ್ತ ಇತ್ತು, ಅದನ್ನೇ ನೋಡುತ್ತಿದ್ದ. ಮಾಮಿಯ ಬಾಯಿ ಆಡಿದ್ದು ನೀರಿಗಾಗಿ. ಅದು ಅವನಿಗೆ ಗುರುವಾರವೇ ತಿಳಿದಿತ್ತೇ? ತಿಳಿದಿತ್ತು. ತಲೆಯೆತ್ತಿದಾಗ ಅಂಬುಜಾ ಪಕ್ಕದಲ್ಲಿರಲಿಲ್ಲ. ಅವಳು ನೆರಳು ಹುಡುಕಿಕೊಂಡು ಬಾವಿಯ ಹತ್ತಿರ ಹೋಗಿದ್ದಳು. ಲಿಂಗಮ್ಮ ಮಧ್ಯಾಹ್ನದ ಅಡುಗೆಗೆ ಮತ್ತೆ ನೀರಿಗೆ ಬಂದಿದ್ದಳು. ‘ಸ್ವಲ್ಪ ಕೈಗೆ ಹಾಕಮ್ಮ’ ಎನ್ನುತ್ತಿದ್ದಳು ಅಂಬುಜಾ. ‘ನಮ್ಮ ನಲ್ಲೀಲಿ ಬರೀ ಬ್ಲೀಚಿಂಗ್ ಪೌಡರ್ ವಾಸನೆ. ಬಾವಿ ನೀರು ಕುಡಿದು ಎಷ್ಟು ದಿನ ಆಯ್ತೋ.’ ಲಿಂಗಮ್ಮ ನಗುತ್ತ, ‘ಕುಡೀರವ್ವ, ಬಸುರಿ ಹೆಂಗ್ಸು, ಹೊಟ್ಟೆ ತಣ್ಣಗಿರ್ಲಿ’ ಎಂದು ಕೊಡ ಬಗ್ಗಿಸಿದಳು. ಅಂಬುಜಾ ಬೊಗಸೆಯೊಡ್ಡಿ ತಲೆ ಬಗ್ಗಿಸಿದಳು.

‘ಕುಡೀಬೇಡಿ!’

ಅವನು ಓಡಿದ್ದ. ಅಂಬುಜಾಳ ಬೊಗಸೆಗೆ ಅವನ ಕೈ ಬಡಿದು, ನೀರು ಅವಳ ಮುಖಕ್ಕೂ ಸೀರೆಗೂ ಚಿಮ್ಮಿತು. ಅವಳು ಹೆದರಿ ಹಿಂದಕ್ಕೆ ಸರಿದಳು. ‘ಏನ್ರೀ ಇದು!’ ಎನ್ನುತ್ತ ಶ್ಯಾಮಸುಂದರ ಬಂದ. ‘ಕುಡೀಬೇಡಿ’ ಎಂದ ಚಕ್ರಪಾಣಿ ಮತ್ತೆ, ಈ ಸಲ ಮೆಲ್ಲಗೆ. ‘ಬಾವಿ ಕೆಟ್ಟಿದೆ. ತುಂಗಾಗೆ ಬೆಳಗಿನ ಜಾವದಿಂದ ಭೇದಿ. ಬಿಳಿ ಭೇದಿ. ಆ ಬಟ್ಟೆ ಇಲ್ಲಿ ಒಗೆದುಬಿಟ್ವಿ. ನೀರು ಒಳಗೆ ಇಳೀತು. ನಾನು ನೋಡಿದೆ.’ ಹೇಳಿ ಮುಗಿಸಿದ ಕ್ಷಣ, ನಂಬಲಾರದಷ್ಟು ಹಗುರಾಯಿತು. ಹೇಳಿಬಿಟ್ಟೆ, ಕಡೆಗೂ ಹೇಳಿದೆ, ಒಬ್ಬ ಬಸುರಿ ಹೆಂಗಸನ್ನು ಉಳಿಸಿದೆ. ಹಾಗೆಂದುಕೊಂಡು ಅವನು ಲಿಂಗಮ್ಮನ ಕಡೆ ತಿರುಗಿದ, ಅವಳಿಂದಲೂ ಏನೋ ಬರಬೇಕು ಎನ್ನುವಂತೆ.

ಲಿಂಗಮ್ಮ ಕೊಡವನ್ನು ಕಟ್ಟೆಯ ಮೇಲಿಟ್ಟಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಲೆಕ್ಕ ತಪ್ಪಿದವಳಂತೆ ಹುಬ್ಬು ಗಂಟಿಕ್ಕಿತ್ತು. ‘ಬೆಳಗ್ಗೆ ನೀವು ಆ ಕಿಟ್ಕೀಲಿ ನಿಂತಿದ್ರಲ್ಲ ಸ್ವಾಮಿ’ ಎಂದಳು. ‘ನಾನ್ ನೋಡ್ದೆ. ಆರು ಕೊಡ ಸೇದಿದೀನಿ. ನನ್ ಹಿಂದೆ ಎಲ್ರೂ ಬಂದವ್ರೆ. ಆವಾಗ ಯಾಕ್ ಹೇಳ್ನಿಲ್ಲ?’

ಅವನ ಬಾಯಿ ತೆರೆದುಕೊಂಡಿತು. ಹಲಸಿನ ಹಣ್ಣು, ಅನುಮಾನ, ತಿಮ್ಮಯ್ಯನಿಗೇ ಹೇಳೋಣ ಅಂತ, ಎಲ್ಲ ಸಾಲಾಗಿ ನಾಲಿಗೆಯವರೆಗೆ ಬಂದವು. ಯಾವುದೂ ಹೊರಗೆ ಬರಲಿಲ್ಲ. ಲಿಂಗಮ್ಮ ಸೀರೆ ಎತ್ತಿಕಟ್ಟಿ, ಹನ್ನೊಂದು ಮನೆಗಳ ಕಡೆ, ‘ನೀರ್ ಚೆಲ್ರೋ! ಯಾರೂ ಕುಡೀಬ್ಯಾಡ್ರೋ! ಕೊಡ ಬಗ್ಗಸ್ರೇ!’ ಎಂದು ಕೂಗುತ್ತ ಓಡಿದಳು.

ಶ್ಯಾಮಸುಂದರ ಹೆಂಡತಿಯನ್ನು ಕೈಹಿಡಿದು ಕಾರಿನತ್ತ ಎಳೆದುಕೊಂಡು ಹೋಗುತ್ತಿದ್ದ. ಚಕ್ರಪಾಣಿ ಹಿಂದೆ ಓಡಿದ. ‘ಶ್ಯಾಮಸುಂದರ್, ಮಗೂನ ಆಸ್ಪತ್ರೆಗೆ... ನಿಮ್ಮ ಕಾರಲ್ಲಿ...’ ಶ್ಯಾಮಸುಂದರ ಕಾರಿನ ಬಾಗಿಲು ಹಾಕಿ, ಗಾಜನ್ನು ಮೇಲಕ್ಕೆ ತಿರುಗಿಸುತ್ತ, ‘ಭಾವನ ಕಾರು ಕಣ್ರೀ, ನಂದಲ್ಲ. ಇವಳು ಬೇರೆ ಹೀಗಿದಾಳೆ. ನಾನು ಹೋಗಿ ವ್ಯಾನಿಗೆ ಹೇಳ್ತೀನಿ, ಖಂಡಿತ ಹೇಳ್ತೀನಿ’ ಎಂದ. ಅಂಬುಜಾ ಏನೋ ಹೇಳಲು ಗಂಡನ ತೋಳು ಹಿಡಿದದ್ದು ಕಂಡಿತು. ಕಾರು ಕೆಂಪು ಧೂಳೆಬ್ಬಿಸಿ ಹೋಯಿತು. ಬೈಯಲು ಅವನಿಗೆ ನಾಲಿಗೆ ಏಳಲಿಲ್ಲ.

ಮನೆಗೆ ಬಂದಾಗ ತುಂಗಾಳ ಕಣ್ಣುಗಳು ಗುಳಿಬಿದ್ದಿದ್ದವು. ಬೆಳಗಿನಿಂದ ಇದ್ದ ಮುಖ ಇದಲ್ಲ. ವತ್ಸಲಾ ಮಗುವಿನ ಕೈಯ ಚರ್ಮವನ್ನು ಚಿವುಟಿ ತೋರಿಸಿದಳು. ಚಿವುಟಿದ ಜಾಗ ಹಾಗೇ ಮಡಿಕೆಯಾಗಿ ನಿಂತಿತು. ಕಾಲು ಸೆಟೆಸೆಟೆದು ಹುಡುಗಿ ಅಳುತ್ತಿದ್ದಳು, ಕಣ್ಣೀರಿಲ್ಲದೆ. ಅವನು ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಮೈಸೂರು ರಸ್ತೆಯ ಕಡೆ ನಡೆಯತೊಡಗಿದ. ಬಿಸಿಲಲ್ಲಿ ಒಂದು ಮೈಲಿ. ಬಾವಿಯ ಸುತ್ತ ಜನ ಸೇರಿದ್ದರು. ಕೊಡಗಳನ್ನು ಬಗ್ಗಿಸುತ್ತಿದ್ದರು, ಯಾರೋ ಕಾರೆಮುಳ್ಳಿನ ಕೊಂಬೆ ತಂದು ಬಾವಿಯ ಬಾಯಿಗೆ ಅಡ್ಡ ಎಳೆಯುತ್ತಿದ್ದರು. ಎಲ್ಲರೂ ಅವನನ್ನು ನೋಡಿದರು. ದಾರಿ ಬಿಟ್ಟರು. ದಾರಿ ಬಿಟ್ಟದ್ದೇ ಏಟಿನಂತಿತ್ತು. ಗುಂಪಿನಿಂದ ತಿಮ್ಮಯ್ಯ ಹೊರಬಂದ. ಅಗಲ ಎದೆಯ ಆಳು, ಕೈಯಲ್ಲಿ ಮಚ್ಚು, ಮುಳ್ಳು ಕಡಿಯುತ್ತಿದ್ದ ಮಚ್ಚು. ಚಕ್ರಪಾಣಿ ಮಗುವನ್ನು ಎದೆಗವುಚಿಕೊಂಡು ನಿಂತ. ಹೊಡೆದರೆ ಹೊಡೆಸಿಕೊಳ್ಳಬೇಕು ಎಂದುಕೊಂಡ. ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡ. ತಿಮ್ಮಯ್ಯ ಮಗುವಿನ ಮುಖ ನೋಡಿದ. ಮಚ್ಚನ್ನು ನೆಲಕ್ಕೆ ಬಿಸಾಕಿ, ‘ನಡೀರಿ’ ಎಂದ. ಅವನೇ ಮುಂದೆ ಓಡಿದ. ಮೈಸೂರು ರಸ್ತೆಯ ನಟ್ಟನಡುವೆ ಟವಲು ಬೀಸುತ್ತ ನಿಂತು, ಹಾರ್ನಿಗೆ ಜಗ್ಗದೆ, ಬೆಂಗಳೂರಿನ ಕಡೆ ಹೋಗುತ್ತಿದ್ದ ಇಟ್ಟಿಗೆ ಲಾರಿಯನ್ನು ನಿಲ್ಲಿಸಿದ. ಡ್ರೈವರು ಬಾಯಿಗೆ ಬಂದಂತೆ ಬೈದ. ‘ಬೈಕಳಪ್ಪ, ಮಗ ಸಾಯ್ತಾ ಐತೆ, ಹತ್ತಿಸ್ಕೊ’ ಎಂದ ತಿಮ್ಮಯ್ಯ. ಲಾರಿ ಹೊರಟಮೇಲೆ ಚಕ್ರಪಾಣಿ ಹಿಂತಿರುಗಿ ನೋಡಿದ. ತಿಮ್ಮಯ್ಯ ಬಡಾವಣೆಯ ಕಡೆ ಓಡುತ್ತಿದ್ದ.

ಆಸ್ಪತ್ರೆಯಲ್ಲಿ ಎರಡು ಮಾತಿಲ್ಲದೆ ಹೇಳಿದರು: ಅದೇ. ನಡುವೆ ತೂತಿರುವ ಮಂಚ, ಕೆಳಗೆ ಬಕೆಟ್ಟು, ಕಂಬಿಗೆ ತೂಗುಹಾಕಿದ ಬಾಟಲಿ. ರಕ್ತನಾಳ ಸಿಗದೆ ನಾಲ್ಕು ಕಡೆ ಚುಚ್ಚಿದರು. ಅರ್ಧ ಗಂಟೆ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿ ಮಾತು ಮುಗಿಸಲಿಲ್ಲ. ಚಕ್ರಪಾಣಿ ಹನ್ನೊಂದು ಮನೆಯ ವಿಷಯ ಹೇಳಿದ, ಬಾವಿ ಎಲ್ಲಿದೆ ಎಂದು ಕಾಗದದ ಮೇಲೆ ಗೀಚಿ ಕೊಟ್ಟ. ಸಂಜೆಯೊಳಗೆ ಸೂಜಿ, ಬ್ಲೀಚಿಂಗ್ ಪೌಡರಿನ ಚೀಲಗಳೊಂದಿಗೆ ಜೀಪು ಹೋಯಿತು. ಮನೆಗೆ ಬೀಗ ಹಾಕಿ ಹಿಂದೆಯೇ ಹೊರಟಿದ್ದ ವತ್ಸಲಾ ಬಸ್ಸಿನಲ್ಲಿ ಬಂದು ಸೇರಿದಳು. ಅವಳು ಹೇಳಿದ್ದು ಒಂದೇ ಮಾತು: ‘ನಾನು ಆ ಬಿರುಕು ನೋಡಿದ್ದರೆ ಅಲ್ಲಿ ಒಗೀತಿರಲಿಲ್ಲ. ಕತ್ತಲಿತ್ತು.’ ಅವನು ‘ಗೊತ್ತು’ ಎಂದ. ಒಗೆದದ್ದು ಅವಳು, ಏಳರಿಂದ ಹನ್ನೊಂದರವರೆಗೆ ಕಿಟಕಿಯಲ್ಲಿ ನಿಂತದ್ದು ತಾನು. ಅವಳಿಗೆ ಕತ್ತಲಿತ್ತು. ತನಗೆ ಬೆಳಕು ಬೇಕಾದಷ್ಟಿತ್ತು. ಮಂಗಳವಾರ ಬೆಳಿಗ್ಗೆ ತುಂಗಾ ಎದ್ದು ಕೂತು ಇಡ್ಲಿ ಕೇಳಿದಳು.

ಅದೇ ಮಂಗಳವಾರ ಮಧ್ಯಾಹ್ನ ಲಿಂಗಮ್ಮನನ್ನು ತಂದರು. ಎತ್ತಿನ ಗಾಡಿಯಲ್ಲಿ ಮೈಸೂರು ರಸ್ತೆವರೆಗೆ, ಅಲ್ಲಿಂದ ಜೀಪಿನಲ್ಲಿ. ಆರು ಕೊಡ ಸೇದಿದ ತೋಳುಗಳು ಎರಡು ದಿನದೊಳಗೆ ಒಣಗಿದ ಕಡ್ಡಿಯಾಗಿದ್ದವು. ತುಂಗಾಳ ಮಂಚದಿಂದ ಮೂರನೆಯದು ಅವಳ ಮಂಚ. ತಿಮ್ಮಯ್ಯ ವರಾಂಡದ ಬೆಂಚಿನ ಮೇಲೆ ಕೂತ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಚಕ್ರಪಾಣಿ. ನಡುವೆ ಮೂವರು ಕೂರುವಷ್ಟು ಜಾಗ. ಚಕ್ರಪಾಣಿ ಎರಡು ಲೋಟ ಕಾಫಿ ತಂದು ಒಂದನ್ನು ಆ ಖಾಲಿ ಜಾಗದಲ್ಲಿಟ್ಟ. ಅದು ಅಲ್ಲೇ ಆರಿಹೋಯಿತು. ಮತ್ತಾರಿಗೆ ಬಂದಿದೆ ಎಂದು ಕೇಳಲು ಮೂರು ಸಲ ತುಟಿ ತೆರೆದ. ಕೇಳುವ ಹಕ್ಕು ತನಗಿದೆಯೇ ಎಂದು ಯೋಚಿಸಿ ಮುಚ್ಚಿದ. ಕಡೆಗೆ ತಿಮ್ಮಯ್ಯನೇ ಗೋಡೆ ನೋಡುತ್ತ ಹೇಳಿದ: ‘ಇನ್ನಿಬ್ರಿಗೆ ಆಗಿತ್ತು. ಊರಲ್ಲೇ ಔಸ್ತಿ ಕೊಟ್ರು. ಪರ್ವಾಗಿಲ್ಲ ಈಗ.’

ಅವನು ವಾರ್ಡಿನ ಬಾಗಿಲಿನಿಂದ ದೂರ ಹೋಗಲಿಲ್ಲ. ತುಂಗಾಗೆ ಮರುದಿನವೇ ಮನೆಗೆ ಹೋಗಬಹುದು ಎಂದರು. ವತ್ಸಲಾ ಮಗಳನ್ನು ಕರೆದುಕೊಂಡು ಬಸವೇಶ್ವರನಗರದ ತನ್ನ ಅಕ್ಕನ ಮನೆಗೆ ಹೋದಳು. ಹೋಗುವಾಗ, ‘ಕೆಂಗೇರಿಗೆ ಇನ್ನು ಹೇಗೆ ಹೋಗೋದು? ಯಾವ ಮುಖ ಇಟ್ಕೊಂಡು? ಮಾರಿಬಿಡಿ. ಈಗ ಕೇಳಿದ ಬೆಲೆ ಬರುತ್ತೆ’ ಎಂದಳು. ಬರುತ್ತಿತ್ತು. ಆಫೀಸಿನಿಂದ ಬಂದ ಜವಾನನೊಬ್ಬ ಹೇಳಿದ: ಶ್ಯಾಮಸುಂದರ ಸಾಹೇಬರು ಕೆಂಗೇರಿ ಬಿಟ್ಟು ಈಗ ಮಾರೇನಹಳ್ಳಿ ಕಡೆ ಸೈಟು ನೋಡುತ್ತಿದ್ದಾರೆ. ಮಾರಿ, ವಠಾರವಲ್ಲದ ಇನ್ನೊಂದು ಕಡೆ, ಬಾವಿಯಿಲ್ಲದ ಇನ್ನೊಂದು ಕಡೆ, ಯಾರ ಹೆಸರೂ ಗೊತ್ತಿಲ್ಲದ ಇನ್ನೊಂದು ಕಡೆ. ಚಕ್ರಪಾಣಿ ಅದನ್ನು ಬಹಳ ಹೊತ್ತು ಯೋಚಿಸಿದ. ಎಷ್ಟು ಸುಲಭವಾಗಿತ್ತು ಅದು. ಹಾಸಿಗೆಯನ್ನು ಆ ಭುಜದಿಂದ ಈ ಭುಜಕ್ಕೆ ಬದಲಾಯಿಸಿದಷ್ಟು.

ಗುರುವಾರ ಲಿಂಗಮ್ಮ ಕಣ್ಣುಬಿಟ್ಟು ಮಾತಾಡುವಷ್ಟಾದಳು. ತಿಮ್ಮಯ್ಯ ಅವಳ ತಲೆದಿಂಬು ಸರಿಮಾಡುತ್ತಿದ್ದ. ಚಕ್ರಪಾಣಿ ಮಂಚದ ಕಾಲ ಹತ್ತಿರ ಹೋಗಿ ನಿಂತ. ಅವಳು ಅವನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ‘ಮಗ ಹೆಂಗೈತೆ?’ ಎಂದಳು. ಅದೇ ಅವನಿಗೆ ತಡೆಯಲಾಗದ್ದು. ‘ಚೆನ್ನಾಗಿದಾಳೆ’ ಎಂದ. ಹೋಗಬಹುದಿತ್ತು. ತಿಮ್ಮಯ್ಯನ ಬೆನ್ನು ಹೋಗು ಎನ್ನುತ್ತಿತ್ತು.

‘ಅವತ್ತು ನೀವು ಕೇಳಿದಿರಿ’ ಎಂದ. ‘ಬೆಳಗ್ಗೆ ಯಾಕೆ ಹೇಳಲಿಲ್ಲ ಅಂತ. ಆಗ ನಾನು ಹೇಳಲಿಲ್ಲ. ಆ ಹೆಣ್ಣುಮಗಳು ನಮ್ಮ ಆಫೀಸಿನವರ ಹೆಂಡತಿ, ನಮ್ಮ ಪೈಕಿ. ಅವಳು ಕುಡಿಯೋಕೆ ಹೋದಾಗ ಜೀವ ಹೋದಂಗಾಯ್ತು. ನೀವು ಆರು ಕೊಡ ಸೇದಿದಾಗ... ನೋಡ್ತಾನೇ ಇದ್ದೆ. ಆಗ ಹಾಗಾಗಲಿಲ್ಲ. ನಿಮ್ಮನ್ನ ನಾನು ಆ ಥರ ಎಣಿಸಲೇ ಇಲ್ಲ. ಹೋದ ಗುರುವಾರ ನಮ್ಮ ಕಡೆ ರೋಗ ಇಲ್ಲ ಅಂದದ್ದೂ ಸುಳ್ಳು. ಪಕ್ಕದ ಮನೇಲೇ ಇತ್ತು.’

ತಿಮ್ಮಯ್ಯ ನಿಧಾನವಾಗಿ ತಿರುಗಿದ. ಲಿಂಗಮ್ಮ ಕೈಯೆತ್ತಿ ಗಂಡನನ್ನು ತಡೆದಳು. ಕೈಗೆ ಚುಚ್ಚಿದ್ದ ನಳಿಕೆ ಅಲುಗಿತು.

‘ನಂಗ್ ಗೊತ್ತಿತ್ತು’ ಎಂದಳು. ‘ಆವತ್ತೇ ಗೊತ್ತಾಯ್ತು, ನೀವು ಓಡ್ ಬಂದಾಗ.’ ಉಸಿರು ತೆಗೆದುಕೊಂಡಳು. ‘ಈಗೇನ್ ಮಾಡ್ತೀರಿ? ಮನೆ ಮಾರ್ಕಂಡ್ ಹೋಯ್ತೀರಾ?’

‘ಗೊತ್ತಿಲ್ಲ.’

‘ಹೋದ್ರೆ ಹೋಗಿ, ಕಟ್ ಹಾಕಲ್ಲ ಯಾರೂ. ಇರೋದಾದ್ರೆ, ಈಗ ನಂಗ್ ಹೇಳಿದ್ರಲ್ಲ, ಇದ್ನ ಹನ್ನೊಂದು ಮನೆಗೂ ಹೋಗಿ ಹೇಳಿ. ಒಂದೂ ಬಿಡದಂಗೆ. ನೀರು ಎಲ್ರೂ ಕುಡ್ದವ್ರೆ.’ ಕಣ್ಣು ಮುಚ್ಚಿಕೊಂಡಳು. ‘ಆಮ್ಯಾಕೆ ಇರಿ.’

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವನು ಕೆಂಗೇರಿಗೆ ಹೊರಟ. ಬಸ್ಸಿನಲ್ಲಿ ಎರಡು ಸಂಸಾರಗಳು ಸೈಟು ನೋಡಲು ಬರುತ್ತಿದ್ದವು. ಒಬ್ಬಳು ಕಿಟಕಿಯಾಚೆ ಮುಖ ಹಿಡಿದು, ಎಷ್ಟು ತಣ್ಣಗಿದೆ ಎಂದಳು. ಅವನು ಇಳಿದು ತನ್ನ ಮನೆಗೆ ಹೋಗಲಿಲ್ಲ. ನಂಬರಿನ ಕಲ್ಲುಗಳನ್ನು ದಾಟಿ ನೇರ ಆ ಸಾಲಿಗೆ ನಡೆದ. ಬೀದಿಯಲ್ಲಿ ಸಗಣಿ ಸಾರಿಸುತ್ತಿದ್ದ ಹೆಂಗಸರು ಅವನನ್ನು ಕಂಡು ಕೈ ನಿಲ್ಲಿಸಿದರು. ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದ ಗಂಡಸೊಬ್ಬ ಎದ್ದು ನಿಂತ. ಮೊದಲ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಎಂಬತ್ತು ದಾಟಿದ ಮುದುಕಿ, ಅಕ್ಕಯ್ಯಮ್ಮ ಎಂದು ಆಮೇಲೆ ಗೊತ್ತಾಯಿತು, ಮೊರದಲ್ಲಿ ಅವರೆಕಾಳು ಹಾಕಿಕೊಂಡು ಕೂತಿದ್ದಳು. ಅವನು ಚಪ್ಪಲಿ ಬಿಟ್ಟು ನಿಂತು, ಬಸ್ಸಿನಲ್ಲಿ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದ ಮಾತುಗಳನ್ನು ತಗ್ಗಿದ ಧ್ವನಿಯಲ್ಲಿ, ಅವಳಿಗಷ್ಟೇ ಕೇಳುವಂತೆ ಹೇಳಿ ಮುಗಿಸಿದ.

ಮುದುಕಿ ತಲೆಯೆತ್ತಿ, ಕಿವಿಯ ಹಿಂದೆ ಅಂಗೈ ಹಿಡಿದಳು.

‘ಕಿವಿ ಕೇಳ್ಸಕ್ಕಿಲ್ಲ ಕಣಪ್ಪ’ ಎಂದಳು. ‘ಗಟ್ಟಿಯಾಗಿ ಹೇಳು.’

ಬೀದಿ ಪೂರ್ತಿ ಸದ್ದಡಗಿ ನಿಂತಿತ್ತು. ಚಕ್ರಪಾಣಿ ಉಸಿರೆಳೆದುಕೊಂಡು, ಗಟ್ಟಿಯಾಗಿ ಹೇಳತೊಡಗಿದ.